ಜ್ವರ ಬರದ ಮಗಳು, ಗುಡ್ಡವಿಲ್ಲದ ದೇಶ

ಹಾಲೆಂಡಿನಿಂದ ಬಂದು ಹದಿನೈದು ದಿನವಾಯಿತು. ಐ.ಡಿ.ಹಳ್ಳಿಯ ನಮ್ಮ ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ ಇನ್ನೂ ಅದೇ ಪ್ರಶ್ನೆ. "ಟ್ಯುಲಿಪ್ ತೋಟ ನೋಡಿದ್ರಾ ಮೇಡಂ?" ಇಲ್ಲ. "ಗಾಳಿಗಿರಣಿ?" ರೈಲಿನ ಕಿಟಕಿಯಿಂದ ಒಂದು ಕಂಡಿತು, ಅದೂ ತಿರುಗುತ್ತಿರಲಿಲ್ಲ. "ಮತ್ತೆ ಅಷ್ಟು ದೂರ ಹೋಗಿ ಏನ್ ನೋಡ್ಕಂಡ್ ಬಂದ್ರಿ?" ಎಂದು ಕನ್ನಡ ಮೇಷ್ಟ್ರು ಕೇಳಿದರು. ಒಬ್ಬ ಹೆಂಗಸನ್ನು ನೋಡಲು ಹೋಗಿದ್ದೆ ಸಾರ್, ಎಂದೆ. ಅವರು ನಕ್ಕರು. ನಾನು ತಮಾಷೆ ಮಾಡುತ್ತಿರಲಿಲ್ಲ. ಇಡೀ ಪ್ರವಾಸಕ್ಕೆ ಇದ್ದದ್ದು ಅದೊಂದೇ ಕೆಲಸ, ಅದೂ ಕೊನೆಯ ದಿನದವರೆಗೆ ಆಗುವ ಹಾಗೆ ಕಾಣಲಿಲ್ಲ.

ಮಧುಗಿರಿ, ಹೊರಡುವ ಮುಂಚೆ

ನನ್ನ ಮಗಳು ಚೈತ್ರಳಿಗೆ ಏಳು ವರ್ಷ. ಹುಟ್ಟಿದಾಗಿನಿಂದ ಅವಳಿಗೆ ಒಂದು ದಿನವೂ ಜ್ವರ ಬಂದಿಲ್ಲ. ಕೇಳಿದವರು ಪುಣ್ಯವಂತೆ ಎನ್ನುತ್ತಾರೆ. ಮೊದಮೊದಲು ವಿವರಿಸಿ ಹೇಳುತ್ತಿದ್ದೆ, ಈಗ ಸುಮ್ಮನಿರುತ್ತೇನೆ.

ಅವಳಿಗಿಂತ ಮುಂಚೆ ನನಗೊಬ್ಬ ಮಗನಿದ್ದ, ಮಿಥುನ್. ಎರಡೂವರೆ ವರ್ಷದವನು. ಒಂದು ಬೆಳಿಗ್ಗೆ ಎದ್ದವನೇ ಹಾಲು ಬೇಡವೆಂದ, ಬಾಡಿದ ಸೊಪ್ಪಿನ ಹಾಗೆ ಹೆಗಲ ಮೇಲೆ ಬಿದ್ದುಕೊಂಡ. ನಮ್ಮ ಕಡೆ ಮಗುವಿಗೆ ಹುಷಾರಿಲ್ಲ ಎಂದರೆ ಮೊದಲ ಪರೀಕ್ಷೆ ಒಂದೇ. ಮನೆಯ ಹಿರಿಯರು ಕೈ ಹೊರಳಿಸಿ, ಅಂಗೈಯ ಹಿಂಭಾಗವನ್ನು ಮಗುವಿನ ಕತ್ತಿಗೆ ಇಟ್ಟು ನೋಡುತ್ತಾರೆ. ಬಿಸಿಯಿದ್ದರೆ ಕಾಯಿಲೆ, ತಣ್ಣಗಿದ್ದರೆ ದೃಷ್ಟಿ. ನಮ್ಮತ್ತೆ ಇಟ್ಟು ನೋಡಿದರು.

"ಮೈ ತಣ್ಣಗೈತೆ ಕಣಮ್ಮ. ಏಂ ಕಾಲೇದು, ಏನೂ ಆಗಿಲ್ಲ. ನಾನು ದಿಷ್ಟಿ ತೆಗೀತೀನಿ, ನೀನು ಇಸ್ಕೂಲಿಗೆ ಹೋಗು," ಎಂದರು. ಅತ್ತೆ ಪಾವಗಡ ತಾಲ್ಲೂಕಿನ ನಾಗಲಮಡಿಕೆಯವರು, ಅರ್ಧ ಮಾತು ತೆಲುಗಿನಲ್ಲೇ ಬರುತ್ತದೆ. ಅವರನ್ನು ದೂರಲಾರೆ. ಮಕ್ಕಳಿಗೆ ಜೀವಕೋಶದ ಪಾಠ ಹೇಳುವ ನಾನೂ ನನ್ನ ಕೈಯ ಹಿಂಭಾಗವನ್ನೇ ಇಟ್ಟು ನೋಡಿದೆ. ತಣ್ಣಗಿತ್ತು. ಪರೀಕ್ಷೆ ಡ್ಯೂಟಿಗೆ ಹೋದೆ. ಸಂಜೆಯ ಹೊತ್ತಿಗೆ ಮಗು ಇರಲಿಲ್ಲ. ಮಿದುಳಿನ ಪೊರೆಗೆ ಸೋಂಕಾಗಿತ್ತು ಎಂದು ಆಮೇಲೆ ಹೇಳಿದರು. ಅಂಥ ಸೋಂಕಿಗೆ ಮೈ ಕೆಂಡವಾಗಬೇಕಿತ್ತು.

ಚೈತ್ರಳಿಗೆ ಒಂದು ವರ್ಷವಾದಾಗ ತೊಡೆಯ ಮೇಲೆ ಒಂದು ಗುಳ್ಳೆ ಎದ್ದಿತು. ಅದೇ ಮಂಕು, ಅದೇ ತಣ್ಣನೆಯ ಕತ್ತು. ಈ ಸಲ ನಾನು ಯಾರ ಮಾತೂ ಕೇಳದೆ ಬೆಂಗಳೂರಿಗೆ ಓಡಿದೆ. ಮಗು ಉಳಿಯಿತು. ಅಲ್ಲಿನ ಡಾಕ್ಟರಿಗೆ ಅನುಮಾನ ಬಂದು ನಮ್ಮ ಮೂವರ ರಕ್ತವನ್ನು ಹಾಲೆಂಡಿನ ಉಟ್ರೆಕ್ಟ್ ಎಂಬ ಊರಿನ ಪ್ರಯೋಗಾಲಯಕ್ಕೆ ಕಳಿಸಿದರು. ಉತ್ತರ ಬಂತು. ಚೈತ್ರಳ ಮೈಯಲ್ಲಿ ಒಂದು ಪ್ರೋಟೀನು ತಯಾರಾಗುವುದೇ ಇಲ್ಲ. ಅದರ ಹೆಸರು ಮೈ-ಡಿ-88, ಬಸ್ಸಿನ ನಂಬರಿನಂಥ ಹೆಸರು.

ನನ್ನ ಗಂಡ ರಂಗನಾಥ್ ಮಧುಗಿರಿ–ಪಾವಗಡ ರೂಟಿನಲ್ಲಿ ಸರ್ಕಾರಿ ಬಸ್ಸಿನ ಕಂಡಕ್ಟರು. ಹಾಗಾಗಿ ಅವರಿಗೂ ಅತ್ತೆಗೂ ನಾನು ಬಸ್ಸಿನ ಲೆಕ್ಕದಲ್ಲೇ ತಿಳಿಸಿದೆ. ಜೀವಕೋಶದ ಹೊರಮೈಯಲ್ಲಿ ಗ್ರಾಹಿಗಳಿವೆ, ಬಸ್ಸಿನ ಬಾಗಿಲ ಹಾಗೆ. ರೋಗಾಣು ಬಂದರೆ ಮೊದಲು ಅಲ್ಲಿ ಸಿಕ್ಕಿಬೀಳುತ್ತದೆ. ಏನು ಮಾಡಬೇಕೆಂಬ ಅಪ್ಪಣೆ ಹೊರಡುವುದು ಒಳಗಿನ ಕೋಶಕೇಂದ್ರದಿಂದ, ಅದು ಡ್ರೈವರ್. ಡ್ರೈವರಿಗೆ ಹಿಂದಿನ ಬಾಗಿಲು ಕಾಣುವುದಿಲ್ಲ. ನಡುವೆ ನಿಂತು ಸೀಟಿ ಊದುವವನು ಬೇಕು. ಬಾಗಿಲ ಸುದ್ದಿಯನ್ನು ಡ್ರೈವರಿಗೆ ಮುಟ್ಟಿಸುವ ಆ ಪ್ರೋಟೀನುಗಳಿಗೆ ಅಡಾಪ್ಟರ್ ಎನ್ನುತ್ತಾರೆ. ಸೀಟಿ ಕೇಳಿದರೆ ಜ್ವರ ಏರುತ್ತದೆ, ಬಿಳಿ ರಕ್ತಕಣಗಳು ಓಡಿ ಬರುತ್ತವೆ. ಕೇಳದಿದ್ದರೆ ಬಾಗಿಲೂ ಸರಿಯಿದೆ, ಡ್ರೈವರೂ ಸರಿಯಿದ್ದಾನೆ, ಬಸ್ಸು ಮಾತ್ರ ನಿಂತಲ್ಲೇ ನಿಂತಿರುತ್ತದೆ.

"ಅಂಗಾರೆ ನಮ್ ಪಾಪಂಗೆ ಕಂಡಕ್ಟ್ರೇ ಇಲ್ವಾ?" ಎಂದರು ರಂಗನಾಥ್.

"ಇಲ್ಲ."

ಅವರು ಯೂನಿಫಾರಂ ಜೇಬಿನಲ್ಲಿದ್ದ ಸೀಟಿಯನ್ನು ಮುಟ್ಟಿ ನೋಡಿಕೊಂಡರು. "ಊರೋರಿಗೆಲ್ಲಾ ಊದ್ತೀನಿ ಕಣೇ," ಎಂದು ಎದ್ದು ಹಿತ್ತಿಲಿಗೆ ಹೋದರು.

ಅತ್ತೆ ನನಗೆ ಎರಡು ರೀತಿಯಲ್ಲಿ ಅತ್ತೆ. ಗಂಡನ ತಾಯಿ, ನಮ್ಮಪ್ಪನ ಅಕ್ಕ. ಸೊಸೆ ಹೊರಗಿನವಳಾಗಬಾರದು ಎಂದು ತಮ್ಮನ ಮಗಳನ್ನು ತಂದುಕೊಂಡರು, ನಮ್ಮ ಕಡೆ ಅದೇ ರೂಢಿ. ಯಾವುದೋ ಮುತ್ತಜ್ಜನ ವಂಶವಾಹಿಯಲ್ಲಿದ್ದ ಒಂದು ಅಕ್ಷರದ ತಪ್ಪು ಅವರ ಕಡೆಯಿಂದಲೂ ನನ್ನ ಕಡೆಯಿಂದಲೂ ಇಳಿದು ಬಂದು ಮಕ್ಕಳಲ್ಲಿ ಸೇರಿಕೊಂಡಿತು. ಇದನ್ನು ಅತ್ತೆಗೆ ಹೇಳಲು ನನಗೆ ಒಂದು ವರ್ಷ ಹಿಡಿಯಿತು.

ಚೈತ್ರ ದಿನಾ ಮಾತ್ರೆ ನುಂಗುತ್ತಾಳೆ, ತಿಂಗಳಿಗೊಮ್ಮೆ ಡ್ರಿಪ್ ಹಾಕಿಸಿಕೊಳ್ಳುತ್ತಾಳೆ. ಮನೆಗೆಲ್ಲ ಒಂದೇ ಕಟ್ಟಪ್ಪಣೆ. ಮಗು ಮಂಕಾದರೆ ಜ್ವರಕ್ಕೆ ಕಾಯಬೇಡಿ, ಇಂಜೆಕ್ಷನ್ನಿಗೆ ಓಡಿ. ಹದಿಹರೆಯ ಮುಟ್ಟಿದರೆ ಅಪಾಯ ಕಡಿಮೆಯಾಗುತ್ತಾ ಬರುತ್ತದೆ ಎಂದು ಡಾಕ್ಟರು ಹೇಳುತ್ತಾರೆ. ನಾನು ನಂಬುತ್ತೇನೆ, ಆದರೆ ಕಣ್ಣಾರೆ ಕಂಡಿರಲಿಲ್ಲ. ಆ ಪ್ರಯೋಗಾಲಯದವರು ಇಂಥ ಮಕ್ಕಳ ಮನೆಯವರನ್ನೆಲ್ಲ ಸೇರಿಸುತ್ತೇವೆ, ಬನ್ನಿ ಎಂದು ಪತ್ರ ಬರೆದಾಗ ನಾನು ಒಂದು ಸಾಲಿನ ಮೇಲೆ ನಿಂತುಬಿಟ್ಟೆ. ಇದೇ ತೊಂದರೆಯಿದ್ದು ದೊಡ್ಡವಳಾದ ಎಲಿಫ್ ಎಂಬ ಇಪ್ಪತ್ತೊಂಬತ್ತು ವರ್ಷದ ಹೆಂಗಸು ಬಂದು ಮಾತಾಡುತ್ತಾಳಂತೆ. ಇಪ್ಪತ್ತೊಂಬತ್ತು. ಅವಳನ್ನು ನೋಡಬೇಕು, ನೋಡಿದರೆ ನನ್ನ ಮಗಳೂ ಅಷ್ಟು ವರ್ಷ ಇರುತ್ತಾಳೆ ಎಂದು ನಂಬಬಹುದು ಎನಿಸಿತು. ಎಷ್ಟು ಎನಿಸಿತೆಂದರೆ, ಮಗಳ ಆಸ್ಪತ್ರೆ ಬಿಟ್ಟರೆ ಕೊರಟಗೆರೆ ದಾಟಿ ಒಬ್ಬಳೇ ಎಲ್ಲಿಗೂ ಹೋಗದ ನಾನು ವಿಮಾನ ಹತ್ತಿದೆ.

ಉಟ್ರೆಕ್ಟ್, ಮೊದಲ ದಿನ

ಆ ದೇಶದಲ್ಲಿ ಒಂದು ಬಂಡೆ ಇಲ್ಲ. ಬಂಡೆ ಬಿಡಿ, ಒಂದು ದಿಬ್ಬವಿಲ್ಲ. ಮನೆಯ ಬಾಗಿಲು ತೆಗೆದರೆ ಬೆಟ್ಟ ಎದೆಗೆ ಬಂದು ನಿಲ್ಲುವ ಊರಿನವಳು ನಾನು. ಎಲ್ಲಿ ಹೋದರೂ ಯಾವ ದಿಕ್ಕಿನಲ್ಲಿದ್ದೇನೆ ಎನ್ನುವುದನ್ನು ಬೆಟ್ಟ ನೋಡಿ ತಿಳಿಯುವುದು ರೂಢಿ. ಇಲ್ಲಿ ಆಕಾಶ ನೆಲದಿಂದಲೇ ಶುರುವಾಗುತ್ತದೆ. ಹೋಟೆಲಿನಿಂದ ಹೊರಟು ಎರಡು ಸಲ ತಿರುಗಿ ಮತ್ತೆ ಅದೇ ಹೋಟೆಲಿನ ಮುಂದೆ ಬಂದು ನಿಂತೆ.

ಮೂರನೆಯ ಸಲ ಒಂದು ಚಂದದ ಕೆಂಪು ದಾರಿ ಕಂಡಿತು. ನುಣ್ಣಗಿತ್ತು, ಕಾರುಗಳಿರಲಿಲ್ಲ. ನಡೆಯುವವರಿಗೆ ಇಷ್ಟು ಮರ್ಯಾದೆಯೇ ಎಂದು ನಡುಮಧ್ಯದಲ್ಲಿ ಹೊರಟೆ. ಹಿಂದಿನಿಂದ ಗಂಟೆ ಕೇಳಿಸಿತು, ಒಂದಲ್ಲ, ಹತ್ತು. ಅದು ಸೈಕಲ್ಲಿನ ದಾರಿಯಂತೆ. ಎಪ್ಪತ್ತು ದಾಟಿದ ಒಬ್ಬ ಅಜ್ಜಿ ಗಾಳಿಯ ಹಾಗೆ ಬಂದು, ನನ್ನ ಸೆರಗನ್ನು ಸವರಿಕೊಂಡು, ಅವಳ ಭಾಷೆಯಲ್ಲಿ ಏನೋ ಬೈದುಹೋದಳು. ಬೈಗುಳಕ್ಕೆ ಅನುವಾದ ಬೇಕಾಗಲಿಲ್ಲ.

ಸಂಜೆ ಡಾಕ್ಟರ್ ಮರೈಕೆ ಎಂಬಾಕೆ ನನ್ನನ್ನು ಮನೆಗೆ ಕರೆದರು. ಚೈತ್ರಳ ರಕ್ತ ಪರೀಕ್ಷೆ ಮಾಡಿದವರು ಅವರೇ. ಉದ್ದನೆಯ ಹೆಂಗಸು, ನನ್ನನ್ನು ನೋಡಲು ಬಗ್ಗುತ್ತಿದ್ದರು. ಅಲ್ಲಿನ ಮನೆಗಳ ದೊಡ್ಡ ಕಿಟಕಿಗಳಿಗೆ ಪರದೆಯೇ ಇಲ್ಲ. ಬೀದಿಯಲ್ಲಿ ಹೋಗುವವರಿಗೆ ಒಳಗಿನ ಸೋಫಾ, ಬೆಕ್ಕು, ಊಟದ ತಟ್ಟೆ ಎಲ್ಲ ಕಾಣುತ್ತದೆ, ಯಾರೂ ನೋಡುವುದಿಲ್ಲ. ನಾನೊಬ್ಬಳೇ ಪ್ರತಿ ಮನೆಯೊಳಗೂ ಇಣುಕಿಕೊಂಡು ಹೋದೆ. ಮರೈಕೆ ಕಾಫಿ ಕೊಟ್ಟು ಬಿಸ್ಕತ್ತಿನ ಡಬ್ಬಿ ಮುಂದೆ ಹಿಡಿದರು. ಒಂದು ತೆಗೆದುಕೊಂಡೆ. ಡಬ್ಬಿಯ ಮುಚ್ಚಳ ಟಕ್ಕೆಂದು ಮುಚ್ಚಿತು. ಒಂದು ಅಂದರೆ ಒಂದೇ. "ಬೇಡ ಬೇಡ" ಎಂದಷ್ಟೂ ತಟ್ಟೆಗೆ ಸುರಿಯುವ ನಮ್ಮತ್ತೆ ಇದನ್ನು ನೋಡಬೇಕಿತ್ತು ಎಂದುಕೊಂಡೆ.

"ನಾಳೆ ಎಲಿಫ್ ಬರುತ್ತಾಳಾ?" ಎಂದು ಕೇಳಿದೆ. ಅಷ್ಟು ಹೊತ್ತಿಗೆ ಅದು ನಾಲ್ಕನೆಯ ಸಲ. ಖಂಡಿತ ಎಂದರು.

ಎರಡನೆಯ ದಿನ, ಸಭೆ

ಹತ್ತು ಹನ್ನೆರಡು ಮನೆಯವರಿದ್ದೆವು. ಒಂದೊಂದು ದೇಶದವರು, ಒಂದೊಂದು ಬಣ್ಣದವರು, ಆದರೆ ಎಲ್ಲರೂ ಬಾಗಿಲ ಹತ್ತಿರದ ಕುರ್ಚಿಯಲ್ಲೇ ಕೂತಿದ್ದರು, ಮೇಜಿನ ಮೇಲೆ ಫೋನನ್ನು ಅಂಗಾತ ಇಟ್ಟುಕೊಂಡು. ನಾನೂ ಹಾಗೆಯೇ ಕೂತಿದ್ದೆ.

ಮರೈಕೆ ಪರದೆಯ ಮೇಲೆ ಓಡುವ ಚಿತ್ರ ತೋರಿಸಿದರು. ಜೀವಕೋಶದ ಹೊರಗೆ ಗ್ರಾಹಿ, ಒಳಗೆ ಅದರ ಬಾಲ. ರೋಗಾಣು ಬಂದು ಗ್ರಾಹಿಗೆ ತಗುಲಿತು. ಬಾಲ ಅಲುಗಿತು. ಕೂಡಲೇ ಮೈ-ಡಿ-88 ಗುಂಪುಗುಂಪಾಗಿ ಬಂದು, ಒಂದರ ಮೇಲೊಂದು ಸುತ್ತುಮೆಟ್ಟಿಲಿನ ಹಾಗೆ ಜೋಡಿಸಿಕೊಂಡವು. ಮೇಲಿನ ಮೆಟ್ಟಿಲಿಗೆ ಬೇರೆ ಪ್ರೋಟೀನುಗಳು ಬಂದು ಕೂತವು. ಅಲ್ಲಿಂದ ಸುದ್ದಿ ಕೈಯಿಂದ ಕೈಗೆ ದಾಟಿ ಕೋಶಕೇಂದ್ರಕ್ಕೆ ಮುಟ್ಟಿತು. ಪರದೆಯೆಲ್ಲ ಕೆಂಪಾಯಿತು. "ಇದು ಜ್ವರ," ಎಂದರು ಮರೈಕೆ.

ಆಮೇಲೆ ಅವರು ಒಂದು ಗುಂಡಿ ಒತ್ತಿ ಮೈ-ಡಿ-88 ಅನ್ನು ತೆಗೆದುಹಾಕಿದರು. ರೋಗಾಣು ಬಂತು. ಗ್ರಾಹಿಗೆ ತಗುಲಿತು. ಬಾಲ ಅಲುಗಿತು. ಮತ್ತೆ ಅಲುಗಿತು. ಒಳಗೆ ಏನೂ ಆಗಲಿಲ್ಲ. ಇನ್ನೊಂದು ರೋಗಾಣು ಬಂತು, ಇನ್ನೂ ಹತ್ತು ಬಂದವು, ಬಾಲ ಅಲುಗುತ್ತಲೇ ಇತ್ತು.

ನನ್ನ ಮಗನ ಮೈಗೆ ಕಾಯಿಲೆ ಗೊತ್ತೇ ಆಗಲಿಲ್ಲ ಎಂದು ಇಷ್ಟು ವರ್ಷ ತಿಳಿದುಕೊಂಡಿದ್ದೆ. ಗೊತ್ತಾಗಿತ್ತು. ಅವನ ಒಂದೊಂದು ಕಣವೂ ಬಾಗಿಲಲ್ಲಿ ಹಿಡಿದು ನಿಲ್ಲಿಸಿ ಕೂಗಿತ್ತು, ನಮಗೆ ಮುಟ್ಟಲಿಲ್ಲ ಅಷ್ಟೆ. ಕತ್ತಿನ ಮೇಲೆ ಇಟ್ಟ ನನ್ನ ಕೈಯ ಅಡಿಯಲ್ಲೇ ಅದು ಕೂಗುತ್ತಿತ್ತು. ಎದ್ದು ಹೊರಗೆ ಹೋದೆ. ಪಕ್ಕದಲ್ಲಿದ್ದ ಪೋರ್ಚುಗಲ್ಲಿನ ಅಪ್ಪನೂ ಹೊರಗೆ ಬಂದ. ಇಬ್ಬರೂ ಒಂದು ಗಿಡ ನೋಡಿಕೊಂಡು ನಿಂತಿದ್ದೆವು.

ಮಧ್ಯಾಹ್ನ ಎಲಿಫ್ ಮಾತಾಡಬೇಕಿತ್ತು. ಮರೈಕೆ ಮೈಕಿನ ಮುಂದೆ ಬಂದು, ಎಲಿಫ್ ಬರಲಾಗುತ್ತಿಲ್ಲ, ಅವಳ ಮಗುವಿಗೆ ಹುಷಾರಿಲ್ಲ, ಕ್ಷಮಿಸಿ ಎಂದರು. ಮುಂದಿನ ಭಾಷಣ ಶುರುವಾಯಿತು. ನನಗೆ ಕೋಪ ಬಂತು. ಯಾರ ಮೇಲೆ ಎಂದು ಕೇಳಿದರೆ ಹೇಳಲಾರೆ. ಏಳು ಸಮುದ್ರ ದಾಟಿ ಬಂದು ಬರಿಗೈಯಲ್ಲಿ ಹೋಗಿ, ಹಸಿರು ಹುಲ್ಲು ನೋಡಿದೆ ಎಂದು ಮನೆಯಲ್ಲಿ ಹೇಳಲೇ? ಸಭೆ ಮುಗಿದ ಮೇಲೆ ಮರೈಕೆಯ ದಾರಿಗೆ ಅಡ್ಡ ನಿಂತೆ. ನಾಳೆ ಸಂಜೆ ನನ್ನ ವಿಮಾನ, ನಾನೇ ಅವಳ ಮನೆಗೆ ಹೋಗುತ್ತೇನೆ ಎಂದೆ.

ಆ ದೇಶದಲ್ಲಿ ತಿಂಗಳ ಮುಂಚೆ ಹೇಳದೆ ಯಾರೂ ಯಾರ ಮನೆಗೂ ಹೋಗುವುದಿಲ್ಲವಂತೆ. ಮರೈಕೆ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಫೋನು ಮಾಡಿದರು. ಮಗುವಿಗೆ ಕಿವಿಯ ಸೋಂಕು ಮಾತ್ರ, ಚೈತ್ರಳಿಗೆ ನಿಮ್ಮಿಂದ ಏನೂ ಅಂಟುವುದಿಲ್ಲ, ಬೆಳಿಗ್ಗೆ ಹೋಗಿ ಬನ್ನಿ ಎಂದರು.

ಆಮರ್ಸ್‌ಫೋರ್ಟಿನ ರೈಲು

ಎಲಿಫ್ ಇದ್ದ ಊರು ಆಮರ್ಸ್‌ಫೋರ್ಟ್, ಉಟ್ರೆಕ್ಟಿನಿಂದ ಒಂದೇ ಸ್ಟಾಪು. ರೈಲು ಹತ್ತಿದೊಡನೆ ಮನೆಗೆ ಫೋನು ಮಾಡಿದೆ. ಮಧುಗಿರಿಯಲ್ಲಿ ಭಾನುವಾರದ ಮಧ್ಯಾಹ್ನ.

"ಚೆನ್ನಾಗವ್ಳೆ ಕಣೇ," ಎಂದರು ರಂಗನಾಥ್. "ಮುದ್ದೆ ತಿಂದ್ಲು, ಉಪ್ಸಾರು ಲಂಗದ ಮೇಲೆ ಚೆಲ್ಕಂಡ್ಲು. ಇನ್ನೇನ್ ಬೇಕು?"

"ಮಂಕಾಗಿಲ್ಲ ತಾನೇ?"

"ಮಂಕಾ? ನೀರಿನ ಟ್ಯಾಂಕ್ ಹತ್ಬುಟ್ಟಿದ್ಲು, ಈಗ ಇಳಿಸ್ಕಂಡ್ ಬಂದೆ. ಇಂಗೆ ದಿನಾ ಕೇಳ್ತಾ ಇದ್ರೆ ನಾನು ಡ್ಯೂಟಿಗೆ ಹೆಂಗ್ ಹೋಗ್ಲಿ?"

"ಅತ್ತೆ ಕತ್ತು ಮುಟ್ಟಿ ನೋಡಿ ಸುಮ್ಮನಾಗಿಬಿಟ್ಟರೆ ಅಂತ ಭಯ ಕಣ್ರೀ."

"ಅವ್ವ ಕತ್ ಮುಟ್ಟಿ ನೋಡೋದ್ ಬುಟ್ಟು ಎಷ್ಟೋ ವರ್ಸ ಆಯ್ತು. ಈಗ ಕಣ್ಣು ನೋಡ್ತದೆ. ಬೆಳಿಗ್ಗೆ ಪಾಪ ಎದ್ದ ತಕ್ಷಣ ಎದ್ರಿಗ್ ಕೂತ್ಕಂಡು ಕಣ್ಣನ್ನೇ ನೋಡ್ತದೆ. ನೀನು ಇಸ್ಕೂಲಿಗೆ ಓಡೋ ಆತ್ರದಲ್ಲಿ ನೋಡಿಲ್ಲ ಅಷ್ಟೆಯಾ."

ಅಷ್ಟರಲ್ಲಿ ಚೈತ್ರ ಫೋನು ಕಿತ್ತುಕೊಂಡಳು. "ಅಮ್ಮಾ, ಆ ಆಂಟಿ ಸಿಕ್ಕಿದ್ರಾ? ಅವ್ರು ಎಷ್ಟ್ ದೊಡ್ಡೋರು? ನಿನ್ನಷ್ಟಾ?"

ಯಾರೋ ನನ್ನ ಭುಜ ತಟ್ಟಿದರು. ಎದುರು ಸೀಟಿನವನು ಕಿಟಕಿಯ ಮೇಲಿನ ಬರಹವನ್ನು ತೋರಿಸಿದ. ಅದು ಮೌನದ ಬೋಗಿಯಂತೆ, ಅಲ್ಲಿ ಯಾರೂ ಮಾತಾಡಬಾರದಂತೆ. ಬೋಗಿಯಲ್ಲಿದ್ದವರೆಲ್ಲ ಪುಸ್ತಕದಿಂದ ತಲೆಯೆತ್ತಿ ನನ್ನನ್ನು ನೋಡುತ್ತಿದ್ದರು. ನಮ್ಮ ಪಾವಗಡದ ಬಸ್ಸಿನಲ್ಲಿ ಮೌನದ ಸೀಟು ಎಂದರೆ ಜನ ಗಾಬರಿಯಾಗುತ್ತಾರೆ. "ಇನ್ನೂ ಸಿಕ್ಕಿಲ್ಲ ಪುಟ್ಟಿ," ಎಂದು ಪಿಸುಗುಟ್ಟಿ ಫೋನಿಟ್ಟೆ. ಆ ಮೌನದಲ್ಲಿ ಅವಳ ದನಿ ಕಿವಿಯಲ್ಲೇ ಉಳಿದಿತ್ತು. ಇನ್ನೂ ಒಂದು ದಿನ ಅವಳನ್ನು ಮುಟ್ಟಲಾಗುವುದಿಲ್ಲ ಎನ್ನುವುದು ತಾಳಲಾರದಷ್ಟು ದೊಡ್ಡ ವಿಷಯವೆನಿಸಿತು.

ಎಲಿಫಳ ಮನೆ

ಬಾಗಿಲು ತೆಗೆದವಳು ಸಾಧಾರಣ ಹೆಂಗಸು. ಕೆದರಿದ ಕೂದಲು, ಕೆಂಪಾದ ಕಣ್ಣು, ಅಂಗಿಯ ಮೇಲೆ ಹಾಲಿನ ಕಲೆ, ಎರಡು ಕಾಲಿಗೆ ಎರಡು ಬಣ್ಣದ ಸಾಕ್ಸು. ಕಿವಿಯ ಹಿಂದಿನಿಂದ ಕತ್ತಿನವರೆಗೆ ಹಳೆಯ ಆಪರೇಷನ್ನಿನ ಗೆರೆ. ನಾನು ನಮಸ್ಕಾರ ಹೇಳುವುದನ್ನೂ ಮರೆತು ನೋಡುತ್ತಾ ನಿಂತೆ. ಅವಳ ಎತ್ತರ ನೋಡಿದೆ, ಕೈ ನೋಡಿದೆ, ಬೆರಳಿನ ಉಂಗುರ ನೋಡಿದೆ. ಮೈ-ಡಿ-88 ಇಲ್ಲದ ಒಂದು ಜೀವ ಇಷ್ಟು ಎತ್ತರ ಬೆಳೆದು ನನ್ನೆದುರು ನಿಂತಿತ್ತು. ನನಗೆ ಅಳು ಬಂತು. ಹೆಗಲ ಮೇಲೆ ಮಗುವಿದ್ದ ಅವಳು ಇನ್ನೊಂದು ಕೈಯಿಂದ ನನ್ನನ್ನು ಒಳಗೆ ಎಳೆದುಕೊಂಡಳು.

ಅವಳ ಅಪ್ಪ ಅಮ್ಮ ಟರ್ಕಿ ದೇಶದಿಂದ ಬಂದವರು, ಅವರೂ ಸಂಬಂಧದಲ್ಲೇ ಮದುವೆಯಾದವರು. ಆ ಮನೆಯಲ್ಲಿ ಬಿಸ್ಕತ್ತಿನ ಡಬ್ಬಿ ಮುಚ್ಚುವ ಪದ್ಧತಿ ಇರಲಿಲ್ಲ. ಮಗು ಅಳುತ್ತಿದ್ದರೂ ರೊಟ್ಟಿ, ಆಲಿವ್ ಕಾಯಿ, ಚೀಸು, ಚಹಾ ಎಂದು ಮೇಜು ತುಂಬಿಸಿದಳು. ಭಾನುವಾರವೂ ಗಂಡ ಕೆಲಸಕ್ಕೆ ಹೋಗಿದ್ದ. ಯಾವಾಗ ಭಯ ಹೋಯಿತು ಎಂದು ಕೇಳಿದೆ. ಬೇರೆ ಯಾವ ಪ್ರಶ್ನೆಯೂ ನನ್ನ ಹತ್ತಿರ ಇರಲಿಲ್ಲ.

"ಗೊತ್ತಿಲ್ಲ. ಅಮ್ಮ ಆಸ್ಪತ್ರೆಗೆ ಹೋಗುವ ಚೀಲವನ್ನು ಬಾಗಿಲ ಪಕ್ಕದಲ್ಲೇ ಇಟ್ಟಿರುತ್ತಿದ್ದಳು. ನನಗೆ ಹದಿಮೂರೋ ಹದಿನಾಲ್ಕೋ ಇರಬೇಕು, ಒಂದು ದಿನ ನೋಡಿದರೆ ಅದರಲ್ಲಿ ಈರುಳ್ಳಿ ತುಂಬಿದ್ದಳು," ಎಂದಳು. ಮೈ ಮೆಲ್ಲಗೆ ಬೇರೆ ದಾರಿಗಳನ್ನು ಕಲಿಯುತ್ತದೆ, ಒಮ್ಮೆ ಕಂಡ ಶತ್ರುವಿನ ಗುರುತು ಇಟ್ಟುಕೊಳ್ಳುತ್ತದೆ ಎಂದು ಡಾಕ್ಟರು ಅವಳಿಗೆ ಹೇಳಿದ್ದರಂತೆ. ಆದರೆ ಎಲ್ಲ ಮಕ್ಕಳೂ ಅಲ್ಲಿಯವರೆಗೆ ಬರುವುದಿಲ್ಲ ಎನ್ನುವುದು ಇಬ್ಬರಿಗೂ ಗೊತ್ತಿತ್ತು.

ಮಗುವಿಗೆ ಹನ್ನೊಂದು ತಿಂಗಳು, ಹೆಣ್ಣು. ಅದಕ್ಕೆ ತಾಯಿಯ ತೊಂದರೆ ಇಲ್ಲ. ಅಪ್ಪ ಹೊರಗಿನವನಾದ್ದರಿಂದ ಅವನ ಕಡೆಯಿಂದ ಆ ವಂಶವಾಹಿಯ ಒಂದು ಸರಿಯಾದ ಪ್ರತಿ ಬಂದಿದೆ. ಹಾಗಾಗಿ ಕಿವಿ ಸೋಂಕಾದ ಕೂಡಲೇ ಅದಕ್ಕೆ ಸರಿಯಾಗಿ ಜ್ವರ ಬಂದಿತ್ತು. ಅದೇ ಎಲಿಫಳ ಕಷ್ಟ. ಆಸ್ಪತ್ರೆಯವರು ನೋಡಿ ಔಷಧಿ ಕೊಟ್ಟು, ಇಳಿಯುತ್ತದೆ, ಕಾಯಿರಿ ಎಂದಿದ್ದರು.

"ಕಾಯಿರಿ ಅನ್ನುತ್ತಾರೆ!" ಎಂದಳು. "ಹುಟ್ಟಿದಾಗಿನಿಂದ ನನಗೆ ಕಲಿಸಿದ್ದೇ ಕಾಯಬೇಡ ಅಂತ. ನನಗೆ ಯಾವತ್ತೂ ಜ್ವರ ಬಂದಿಲ್ಲ. ಇದು ಎಷ್ಟು ಬಿಸಿಯಾದರೆ ಸರಿ, ಎಷ್ಟಾದರೆ ತಪ್ಪು, ನನಗೆ ಹೇಗೆ ತಿಳಿಯಬೇಕು? ನೀವು ಅಮ್ಮ ಅಲ್ಲವಾ, ನೋಡಿ ಹೇಳಿ."

ಮಗುವನ್ನು ನನ್ನ ತೊಡೆಗೆ ಹಾಕಿದಳು.

ಅಭ್ಯಾಸದಂತೆ ಮೊದಲು ಕಣ್ಣು ನೋಡಿದೆ. ಮಗು ಅಳು ನಿಲ್ಲಿಸಿ ನನ್ನನ್ನು ದಿಟ್ಟಿಸಿತು, ಕುಂಕುಮ ನೋಡಿತು, ಗಾಜಿನ ಬಳೆ ಹಿಡಿದು ಎಳೆಯಿತು. ಹಾಲು ಕುಡಿಯಿತಾ ಎಂದು ಕೇಳಿದೆ, ಕುಡಿದಿದೆ ಎಂದಳು. ಮಂಕಿರಲಿಲ್ಲ. ಹೆದರಬೇಡ, ಅದರ ಮೈ ಒಳಗಿನ ಸುದ್ದಿಯನ್ನು ಹೊರಗೆ ಹೇಳುತ್ತಿದೆ, ಹೇಳಲಿ ಎಂದೆ. ಬಟ್ಟೆ ಒದ್ದೆ ಮಾಡಿ ತರಿಸಿ ಕೈಕಾಲು ಒರೆಸಿದೆ. ಆಮೇಲೆ ಮಗು ಬಳೆ ಬಿಟ್ಟು, ನನ್ನ ಎದೆಗೆ ಕೆನ್ನೆಯೊತ್ತಿ ಮಲಗಿತು. ಸೀರೆಯ ಎರಡು ಪದರ ದಾಟಿ ಅದರ ಬಿಸಿ ನನ್ನ ಮೈಗೆ ಇಳಿಯಿತು.

ಎರಡು ಮಕ್ಕಳನ್ನು ಹೆತ್ತವಳು ನಾನು. ಜ್ವರದ ಮಗುವನ್ನು ಎತ್ತಿಕೊಂಡದ್ದು ಅದೇ ಮೊದಲು.

ಎಷ್ಟು ಹೊತ್ತು ಕೂತಿದ್ದೆನೋ ತಿಳಿಯದು. ಚೈತ್ರ ದೊಡ್ಡವಳಾಗಿ, ಯಾವುದೋ ಊರಿನಿಂದ ನನಗೆ ಫೋನು ಮಾಡಿ, "ಅಮ್ಮಾ, ಪಾಪುಗೆ ಮೈ ಸುಡ್ತೈತೆ, ಏನ್ ಮಾಡ್ಲಿ" ಎಂದು ಗೋಳಾಡುವುದನ್ನು ಕೇಳುವ ಆಸೆಯಾಯಿತು. ಅಷ್ಟು ಆಸೆ ನನಗೆ ಯಾವುದಕ್ಕೂ ಆಗಿರಲಿಲ್ಲ. ಮಗುವಿನ ಹಣೆಯಲ್ಲಿ ಸಣ್ಣಗೆ ಬೆವರು ಒಡೆಯಿತು. ಎಲಿಫ್ ಥರ್ಮಾಮೀಟರ್ ಇಟ್ಟು ನೋಡಿ, ಇಳಿಯುತ್ತಿದೆ ಎಂದು ನಕ್ಕಳು.

"ನಿಮ್ಮ ಕೈ ಸೋತಿರಬೇಕು. ಕೊಡಿ, ತೊಟ್ಟಿಲಿಗೆ ಹಾಕುತ್ತೇನೆ," ಎಂದಳು.

ಕೈ ಸೋತಿತ್ತು. ರೈಲಿನ ಹೊತ್ತೂ ಮೀರುತ್ತಿತ್ತು.

"ಬಿಸಿ ಪೂರ್ತಿ ಇಳಿಯುವವರೆಗೆ ಇರಲಿ," ಎಂದೆ.